ಇಲ್ಲದ ಚೀಲದ ಭಾರ

ಹೊಸಪೇಟೆಯಲ್ಲಿ ಕಾಲೇಜು ಮಕ್ಕಳಿಗೆ ಮೂಕಾಭಿನಯ ಹೇಳಿಕೊಡುವ ನನ್ನನ್ನು ಪಾಲಕರು ಕೇಳುವುದು ಒಂದೇ ಪ್ರಶ್ನೆ: ‘ಇದರಿಂದ ಹೊಟ್ಟೆ ತುಂಬುತ್ತದೆಯೇ?’ ಆಗ ನಾನು ಇರ್ಷಾದ್ ಪಂಜತನ್ ಅವರ ಹೆಸರು ಹೇಳುತ್ತೇನೆ. ಹೈದರಾಬಾದಿನಲ್ಲಿ ಹುಟ್ಟಿದ ಈ ಕಲಾವಿದ ಜರ್ಮನಿಯಲ್ಲಿ ನೆಲೆಸಿ ಮೂಕಾಭಿನಯದಿಂದಲೇ ಹೆಸರಾದರು. 2001ರಲ್ಲಿ ಅಲ್ಲಿ ತೆರೆಕಂಡ ‘ಮನಿತುವಿನ ಷೂ’ ಎಂಬ ಹಾಸ್ಯಚಿತ್ರದಲ್ಲಿ ಅವರದು ಅಮೆರಿಕದ ಮೂಲನಿವಾಸಿ ಮುಖಂಡನ ಪಾತ್ರ. ಕೊಲಂಬಸನ ತಪ್ಪು ಐನೂರು ವರ್ಷ ಕಳೆದ ಮೇಲೆ ನಿಜವಾದ ಇಂಡಿಯನ್ ಒಬ್ಬನಿಗೆ ಕೆಲಸ ಕೊಡಿಸಿತು! ಒಂದು ಕೋಟಿಗೂ ಹೆಚ್ಚು ಜನ ಆ ಚಿತ್ರ ನೋಡಿದರು. ಆ ಹೊತ್ತಿಗೆ ಅವರ ವಯಸ್ಸು ಎಪ್ಪತ್ತರ ಆಸುಪಾಸು. ಇದನ್ನೂ ನಾನು ಮುಚ್ಚಿಡುವುದಿಲ್ಲ.

ಈ ಕಲೆಯ ದೊಡ್ಡ ಹೆಸರು ಫ್ರಾನ್ಸಿನ ಮಾರ್ಸೆಲ್ ಮಾರ್ಸೊ. ಎರಡನೆಯ ಮಹಾಯುದ್ಧದಲ್ಲಿ ಯಹೂದಿ ಮಕ್ಕಳನ್ನು ಸ್ವಿಟ್ಜರ್ಲೆಂಡಿನ ಗಡಿ ದಾಟಿಸುವಾಗ ಅವರನ್ನು ಸದ್ದಿಲ್ಲದಂತೆ ಇರಿಸಲು ಆತನಿಗೆ ನೆರವಾದದ್ದು ಈ ಅಭಿನಯವೇ. 1947ರಲ್ಲಿ ‘ಬಿಪ್’ ಎಂಬ ಪಾತ್ರ ಕಟ್ಟಿ ಜಗತ್ತನ್ನೆಲ್ಲ ಸುತ್ತಿದರೂ 1978ರಲ್ಲಿ ಪ್ಯಾರಿಸ್ಸಿನಲ್ಲಿ ಶಾಲೆ ತೆರೆದು ಮೇಷ್ಟ್ರಾದ. ಈ ದಾರಿ ಹಿಡಿದವರು ಬಹುತೇಕ ಹೀಗೆಯೇ: ಒಂದು ಕಾಲು ರಂಗದ ಮೇಲೆ, ಇನ್ನೊಂದು ತರಗತಿಯಲ್ಲಿ.

ಹೊರದೇಶದಲ್ಲಿ ಇದಕ್ಕೆ ಬೆಲೆ ಯಾಕೆ ಎಂಬುದು ನನಗೆ ತಿಳಿದದ್ದು ಹಂಪಿಯಲ್ಲಿ. ಯುವಜನೋತ್ಸವಕ್ಕೆ ಸಿದ್ಧಪಡಿಸಿದ್ದ ಐದು ನಿಮಿಷದ ಆಟವನ್ನು ನಮ್ಮ ಆರು ಮಕ್ಕಳು ಒಂದು ಸಂಜೆ ಹೊಳೆದಂಡೆಯಲ್ಲಿ ಆಡಿದರು. ಸಂಡೂರಿನ ಹುಡುಗಿ ಒಗೆದ ಸೀರೆ ಒಣಹಾಕುತ್ತಾಳೆ, ಅದಿರಿನ ಲಾರಿ ಹಾದುಹೋಗುತ್ತದೆ, ಕೊಡವಿ ಮತ್ತೆ ಒಗೆಯುತ್ತಾಳೆ, ಮತ್ತೊಂದು ಲಾರಿ. 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ತಡೆಯುವ ಮೊದಲು ಅವಳ ತಾಯಿ ಪಟ್ಟ ಪಾಡಂತೆ ಅದು. ಬಾಳೆತೋಟದವರೂ ಬಿಳಿಯ ಪ್ರವಾಸಿಗರೂ ಒಂದೇ ಜಾಗದಲ್ಲಿ ನಕ್ಕರು, ಒಂದೇ ಜಾಗದಲ್ಲಿ ಸುಮ್ಮನಾದರು. ಇಂಗ್ಲಿಷ್ ಬಾರದ ಮಕ್ಕಳಿಗೆ ಇಷ್ಟು ಸುಲಭವಾಗಿ ಪರದೇಶ ಒಲಿಯುವ ವಿದ್ಯೆ ಬೇರೆ ಯಾವುದಿದೆ?

ಕಲಿಯುವುದು ಮಾತ್ರ ಸುಲಭವಲ್ಲ. ಗೋಡೆಯನ್ನು ಮುಟ್ಟಿದಂತೆ ತೋರಿಸಬೇಕಾದರೆ ಅಂಗೈ ಗಾಳಿಯಲ್ಲಿ ಒಂದೆಡೆ ನಿಂತುಬಿಡಬೇಕು, ಉಳಿದ ಮೈಯೆಲ್ಲ ಅದರ ಸುತ್ತ ಚಲಿಸಬೇಕು. ಅಂಗೈ ಒಂದಂಗುಲ ಅಲುಗಿದರೂ ಗೋಡೆ ಬಿದ್ದಂತೆಯೇ. ಇದಕ್ಕೇ ತಿಂಗಳುಗಟ್ಟಲೆ ಬೇಕು.

ತಂಡದಲ್ಲಿ ಕಂಪ್ಲಿಯ ಕಡೆಯ ರೈತರ ಮಗನೊಬ್ಬನಿದ್ದಾನೆ. ಪದವಿ ಮುಗಿಸಿ ಹೆಗ್ಗೋಡಿಗೆ ಹೋಗಿ ನೀನಾಸಂನಲ್ಲಿ ಕಲಿಯುತ್ತೇನೆ ಎಂದು ಹಟ ಹಿಡಿದ. ಅಪ್ಪ ನನ್ನ ಮೇಲೆ ಜಗಳಕ್ಕೇ ಬಂದರು. ‘ಮೂಗರಂಗ ಕುಣಿಯೋದಕ್ಕ ಡಿಗ್ರಿ ಓದಿಸಬೇಕಾ ಸಾರ್?’ ಎಂದರು. ನಾನೇನೂ ವಾದಿಸಲಿಲ್ಲ. ಅಭ್ಯಾಸ ನಡೆದಿತ್ತು, ಕುರ್ಚಿ ಹಾಕಿಸಿದೆ. ಮಗ ಅವರತ್ತ ನೋಡದೆ ಭತ್ತದ ಚೀಲ ಹೊರುವ ಅಭಿನಯಕ್ಕೆ ನಿಂತ. ಬಗ್ಗಿದ, ಎತ್ತಿದ, ಹೆಗಲಿಗೇರಿಸಿದ, ನಡೆದ. ನನಗೆ ಚೆನ್ನಾಗಿಯೇ ಕಂಡಿತು.

‘ಲೇ, ಚೀಲದಾಗ ಭತ್ತ ಎಲ್ಲೈತಿ?’ ಎಂದು ಅವರು ಕುರ್ಚಿಯಿಂದಲೇ ಕೇಳಿದರು. ‘ಎಪ್ಪತ್ತೈದು ಕೇಜಿ ಹೊತ್ತವ ಹಂಗ ಕುತ್ತಿಗೆ ಎತ್ತಿ ನೋಡ್ತಾನೇನು? ಮೊದಲು ಮೊಣಕಾಲು ಮಾತಾಡ್ತಾವು.’ ಟವೆಲ್ಲನ್ನು ಕುರ್ಚಿಗೆ ಹಾಕಿ ತಾವೇ ಎದ್ದರು. ಉಸಿರು ಎಳೆದು ಹಿಡಿದರು, ಮೊಣಕಾಲು ಕುಸಿದು ಮತ್ತೆ ಸೆಟೆಯಿತು, ಹೆಜ್ಜೆ ಗಿಡ್ಡವಾಯಿತು, ಎದುರಿಗೆ ಬಂದವನಿಗೆ ಕಣ್ಣಲ್ಲೇ ದಾರಿ ಬಿಡು ಎಂದರು. ಮಕ್ಕಳು ನಿಜವಾಗಿಯೂ ಸರಿದು ನಿಂತರು. ಚೀಲ ಇಳಿಸಿ ನಾಚಿಕೊಂಡು ಮುಖ ಒರೆಸಿಕೊಂಡರು. ಪುಸ್ತಕ ಓದಿ ನಾನು ಹೇಳಿಕೊಟ್ಟದ್ದರಲ್ಲಿ ಆ ಮೊಣಕಾಲು ಇರಲಿಲ್ಲ.

ಮಗ ಅವರ ಹಿಂದೆಯೇ ನಿಂತು ಅದೇ ನಡಿಗೆ ನಡೆದು ನೋಡಿದ. ‘ಇನ್ನಾ ಸ್ವಲ್ಪ ಬಗ್ಗಲೇ’ ಎಂದರು.

ಹೊರಡುವಾಗ ಫೀಜು ಎಷ್ಟು, ಊಟ ಅಲ್ಲೇ ಕೊಡುತ್ತಾರೋ ಎಂದೆಲ್ಲ ವಿಚಾರಿಸಿದರು. ಪಂಜತನ್ ಕಥೆಯನ್ನೂ ಕೇಳಿದರು. ಎಪ್ಪತ್ತು ವರ್ಷ ಎಂದಾಗ ಹುಬ್ಬು ಏರಿತು. ಭರ್ತಿ ಮಾಡಿದ ಅರ್ಜಿ ನನ್ನ ಮೇಜಿನ ಮೇಲಿದೆ. ಸಹಿ ಇನ್ನೂ ಆಗಿಲ್ಲ. ಭತ್ತ ಕೊಯ್ಲಾಗಲಿ, ನೋಡೋಣ ಎಂದಿದ್ದಾರೆ.