ಕಾಫಿಯ ಲೋಟದಲ್ಲಿ ಕಾಣುವ ದೋಷ

ಮನೆಗೆ ಬಂದವರಿಗೆ ಒಂದು ಲೋಟ ಕಾಫಿ ಕೊಡುವುದು ನಮ್ಮ ಕುಟುಂಬಗಳಲ್ಲಿ ಅತಿಥಿಸತ್ಕಾರದ ಅಂಗವಾಗಿ ಬಹುಕಾಲವಾಯಿತು. ಆ ಲೋಟದಿಂದ ಮುಗ್ಗಲು ವಾಸನೆ ಬಂದರೆ ಮನೆಯೊಡತಿಯ ಮುಖ ಬಾಡುತ್ತದೆ. ಹಾಲು ಕೆಟ್ಟಿತ್ತೇ, ಪಾತ್ರೆ ಸರಿಯಾಗಿ ತೊಳೆದಿರಲಿಲ್ಲವೇ ಎಂಬ ವಿಚಾರಣೆ ನಡೆದು, ಕೊನೆಗೆ ತಪ್ಪು ಸೊಸೆಯ ತಲೆಗೆ ಬರುವುದನ್ನು ನಾವು ಎಷ್ಟೋ ಮನೆಗಳಲ್ಲಿ ಕಂಡಿದ್ದೇವೆ. ಆದರೆ ಅನೇಕ ವೇಳೆ ಆ ದೋಷ ತೋಟದಲ್ಲಿ, ಕಣದಲ್ಲಿ ಇಲ್ಲವೆ ಉಗ್ರಾಣದಲ್ಲಿ ಹುಟ್ಟಿ ಬಂದಿರುತ್ತದೆ.

ಮಲೆನಾಡಿನ ಮಠದಲ್ಲಿ ವ್ಯಾಸಂಗ ಮಾಡಿದ ದಿನಗಳಿಂದಲೂ ನಮಗೆ ಬೆಳೆಗಾರರ ಒಡನಾಟವುಂಟು. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಕಾಫಿ ಪ್ರಯೋಗ ಕೇಂದ್ರ ಸ್ಥಾಪನೆಯಾದಂದಿನಿಂದ ಈ ಬೆಳೆಯ ಶಾಸ್ತ್ರೀಯ ಅಧ್ಯಯನ ಅಲ್ಲಿ ನಡೆಯುತ್ತ ಬಂದಿದೆ. ಅನುಭವಿಗಳಿಂದ ನಾವು ತಿಳಿದುಕೊಂಡುದನ್ನು ಸಂಗ್ರಹವಾಗಿ ಹೇಳುತ್ತೇವೆ.

ಮೊದಲನೆಯದು ಕೊಯ್ಲು. ಬಲಿಯದ ಹಸಿರು ಕಾಯಿಯ ಬೀಜ ಒಗರಾಗಿರುತ್ತದೆ. ನೆಲಕ್ಕುದುರಿ ಒದ್ದೆ ಮಣ್ಣಿನಲ್ಲಿ ಬಿದ್ದ ಹಣ್ಣಿಗೆ ಬೂಷ್ಟು ಹಿಡಿದು, ಬೀಜಕ್ಕೆ ಮಣ್ಣಿನ ವಾಸನೆ ಬರುತ್ತದೆ. ಕೊಯ್ದ ಹಣ್ಣನ್ನು ಚೀಲದಲ್ಲಿಯೇ ರಾತ್ರಿಯಿಡೀ ಬಿಟ್ಟರೆ ಅದು ಬಿಸಿಯೇರಿ ಹುದುಗುತ್ತದೆ; ಹುಳಿ ಬೀಜವನ್ನೇ ಸೇರುತ್ತದೆ. ಆದ್ದರಿಂದ ಅಂದಿನ ಹಣ್ಣನ್ನು ಅಂದೇ ಪಲ್ಪರಿಗೆ ಹಾಕಬೇಕೆಂಬುದು ನಿಯಮ. ಪಲ್ಪರಿನ ಸಂದಿನಲ್ಲಿಯೋ ತೊಟ್ಟಿಯ ಮೂಲೆಯಲ್ಲಿಯೋ ಸಿಕ್ಕಿ ಉಳಿದ ಬೀಜ ಕೊಳೆತು, ಮರುದಿನದ ಬೀಜದೊಡನೆ ಬೆರೆಯುತ್ತದೆ. ಇದಕ್ಕೆ ವ್ಯಾಪಾರಿಗಳು 'ಸ್ಟಿಂಕರ್' ಎನ್ನುತ್ತಾರೆ. ನೋಟಕ್ಕೆ ಒಳ್ಳೆಯ ಬೀಜದಂತೆಯೇ ಇರಬಹುದಾದ ಇಂತಹ ಒಂದೆರಡು ಕಾಳು ಇಡೀ ಪಾತ್ರೆಯ ಕಾಫಿಯನ್ನು ಕೆಡಿಸಬಲ್ಲವು. ಹುರಿದರೂ ಆ ದುರ್ವಾಸನೆ ಹೋಗುವುದಿಲ್ಲ.

ಎರಡನೆಯದು ಒಣಗಿಸುವಿಕೆ. ಬೀಜದ ತೇವಾಂಶ ಸುಮಾರು 10ರಿಂದ 12 ಪ್ರತಿಶತಕ್ಕೆ ಇಳಿಯಬೇಕು. ದಪ್ಪವಾಗಿ ಹರವಿ, ಕೈಯಾಡಿಸದೆ ಬಿಟ್ಟರೆ ಅಡಿಯ ಪದರ ಬೂಷ್ಟು ಹಿಡಿಯುತ್ತದೆ. ಕೆಲವು ಬೂಷ್ಟುಗಳು 'ಆಕ್ರಾಟಾಕ್ಸಿನ್' ಎಂಬ ವಿಷವನ್ನೂ ಉಂಟುಮಾಡುವುದರಿಂದ ಇದು ಆರೋಗ್ಯದ ಪ್ರಶ್ನೆಯೂ ಹೌದು. ಎಲ್ಲ ದೋಷವೂ ಮನುಷ್ಯನ ಅಲಕ್ಷ್ಯದಿಂದಲೇ ಬರುವುದೆಂದಲ್ಲ. ಆಫ್ರಿಕಾದ ರುವಾಂಡ, ಬುರುಂಡಿಗಳಲ್ಲಿ ಕೆಲವು ಬೀಜಗಳಿಗೆ ಹಸಿ ಆಲೂಗಡ್ಡೆಯ ವಾಸನೆ ಬರುವುದುಂಟು. ಹಣ್ಣನ್ನು ಚುಚ್ಚುವ ಒಂದು ತಿಗಣೆಗೂ ಅದಕ್ಕೂ ಸಂಬಂಧವನ್ನು ತಜ್ಞರು ಗುರುತಿಸಿದ್ದಾರೆ.

ಮೂರನೆಯದು ಸಂಗ್ರಹ. ಕಾಫಿ ಬೀಜ ಸುತ್ತಲಿನ ತೇವವನ್ನೂ ವಾಸನೆಯನ್ನೂ ಹೀರಿಕೊಳ್ಳುತ್ತದೆ. ಗೊಬ್ಬರ, ಡೀಸೆಲ್, ಮೆಣಸುಗಳ ಪಕ್ಕದಲ್ಲಿ ಚೀಲವಿಟ್ಟರೆ ಅದರ ಫಲ ಲೋಟದಲ್ಲಿ ಕಾಣುತ್ತದೆ. ಇದೇ ಗುಣವನ್ನು ಬಲ್ಲವರು ವರವಾಗಿಸಿಕೊಂಡದ್ದೂ ಉಂಟು. ಕರಾವಳಿಯಲ್ಲಿ ಮುಂಗಾರಿನ ತೇವಗಾಳಿಗೆ ಬೀಜವನ್ನು ಒಡ್ಡಿ, ಪದೇ ಪದೇ ಮಗುಚಿ, 'ಮಾನ್ಸೂನ್ಡ್ ಮಲಬಾರ್' ಎಂಬ ಕಾಫಿಯನ್ನು ಸಿದ್ಧಪಡಿಸುತ್ತಾರೆ. ಬೀಜ ಉಬ್ಬಿ ಬಿಳಿಚುತ್ತದೆ, ಹುಳಿ ತಗ್ಗುತ್ತದೆ, ವಿದೇಶಗಳಲ್ಲಿ ಅದಕ್ಕೆ ಬೇಡಿಕೆಯಿದೆ. ಒಂದೇ ತೇವ ನಿಗಾ ಇದ್ದಲ್ಲಿ ಗುಣವಾಯಿತು, ನಿಗಾ ತಪ್ಪಿದಲ್ಲಿ ಅವಗುಣವಾಯಿತು.

2021ರ ನವೆಂಬರಿನಲ್ಲಿ ಅಕಾಲಿಕ ಮಳೆ ಕೊಡಗು, ಚಿಕ್ಕಮಗಳೂರುಗಳ ತೋಟಗಳನ್ನು ಕಾಡಿತು. ನಮಗೆ ಪರಿಚಿತರಾದ ಸಣ್ಣ ಹಿಡುವಳಿಯ ಭಕ್ತರೊಬ್ಬರ ಬೀಜಕ್ಕೆ ಆ ವರ್ಷ ಮುಗ್ಗಲು ವಾಸನೆಯೆಂದು ಬೆಲೆ ತಗ್ಗಿತು. ಬೀಜ ಆರಿಸಿದ ಹೆಂಗಸರ ಕೂಲಿಯಲ್ಲಿ ಮುರಿದುಕೊಳ್ಳುವ ಮಾತು ಮನೆಯಲ್ಲಿ ಎದ್ದಿತು. "ಮೊದಲು ಉಗ್ರಾಣ ನೋಡಿರಪ್ಪ" ಎಂದೆವು. ಚೀಲಗಳನ್ನು ಅಟ್ಟಣೆಯಿಲ್ಲದೆ, ನೀರು ಜಿನುಗುವ ಗೋಡೆಗೆ ಒರಗಿಸಿ ನೆಲದ ಮೇಲೆಯೇ ಪೇರಿಸಿದ್ದರು. ಕೂಲಿ ಪೂರ್ತಿ ಸಂದಿತು. ಮರುವರ್ಷ ಚೀಲಗಳು ಮರದ ಹಲಗೆಯ ಮೇಲೆ, ಗೋಡೆಯಿಂದ ದೂರ ನಿಂತವು.

ಗೃಹಿಣಿಯರೂ ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ತಂದು, ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಇಂಗು, ಕರ್ಪೂರಗಳಿಂದ ದೂರವಿಡಬೇಕು. ಅಷ್ಟಾಗಿಯೂ ಕಾಫಿ ಕೆಟ್ಟರೆ, ಮಾಡಿದ ಕೈಯನ್ನು ದೂರುವ ಮುನ್ನ ಮನೆಯ ಹಿರಿಯರು ಪುಡಿಯನ್ನೊಮ್ಮೆ ಮೂಸಿ ನೋಡಲಿ.