ನಿಂತ ಕಾರಿನ ಪಟ

ಗುಮಾಸ್ತನಿಗೂ ವೇಗಕ್ಕೂ ಎಣ್ಣೆ ಸೀಗೆಕಾಯಿಯ ಸಂಬಂಧ. ಕಡತವೊಂದು ಒಂದು ಮೇಜಿನಿಂದ ಪಕ್ಕದ ಮೇಜಿಗೆ ದಾಟಲು ಹಿಡಿಯುವ ಕಾಲವನ್ನು ಬಲ್ಲವರಾರೂ ಈ ಮಾತನ್ನು ಅಲ್ಲಗಳೆಯಲಾರರು. ಅಂಥ ಗುಮಾಸ್ತರಾದ ನಾವು ಒಂದು ಚಳಿಗಾಲವಿಡೀ ಓಟದ ಕಾರುಗಳ ಪಟ ತೆಗೆದೆವೆಂದರೆ ವಾಚಕರು ನಗಬಹುದು. ನಗಲಿ, ನಮ್ಮ ಮನೆಯವರೂ ನಕ್ಕಿದ್ದರು.

2022ರ ನವೆಂಬರಿನಲ್ಲಿ ಹುಸೇನ್ ಸಾಗರದ ದಂಡೆಯ ರಸ್ತೆಗಳೇ ಓಟದ ಪಥವಾದವು. ಉದ್ದ 2.83 ಕಿಲೋಮೀಟರು, ತಿರುವುಗಳು 18. ನಾವು ನಿತ್ಯ ಬಸ್ಸಿನಲ್ಲಿ ಜೋತುಬಿದ್ದು ಸಾಗುವ ದಾರಿಯ ಎರಡು ಮಗ್ಗುಲಿಗೂ ಕಾಂಕ್ರೀಟಿನ ಗೋಡೆ, ಅದರ ಮೇಲೆ ತಂತಿಯ ಬಲೆ. ಮೊದಲು ಬಂದದ್ದು ಇಂಡಿಯನ್ ರೇಸಿಂಗ್ ಲೀಗ್. ಕಾರುಗಳು ಇಟಲಿಯ ವುಲ್ಫ್. ಚಕ್ರ ಮುಚ್ಚಿದ, ನೆತ್ತಿ ತೆರೆದ ಸ್ಪೋರ್ಟ್ಸ್ ಕಾರುಗಳು. ಆ ಸಲ ಅಭ್ಯಾಸದಲ್ಲೇ ಹೊತ್ತು ಕಳೆದು ಸ್ಪರ್ಧೆ ನಡೆಯಲಿಲ್ಲ. ಡಿಸೆಂಬರಿನಲ್ಲಿ ಮತ್ತೆ ಬಂದು ಓಡಿದವು. 2023ರ ಫೆಬ್ರವರಿ 11ರಂದು ಫಾರ್ಮುಲಾ ಇ ವಿಶ್ವ ಚಾಂಪಿಯನ್‌ಷಿಪ್ಪಿನ 22 ವಿದ್ಯುತ್ ಕಾರುಗಳು ಬಂದವು. ಫ್ರಾನ್ಸಿನ ಜಾನ್ ಎರಿಕ್ ವೆರ್ನ್ ಗೆದ್ದರು. ರಾಯಚೂರಿನಿಂದ ಬಂದಿದ್ದ ನಮ್ಮ ಮಾವನವರು ಕಿವಿಗೊಟ್ಟು ಆಲಿಸಿ, “ಏನ್ರೀ ಅಳಿಯಂದ್ರ, ಇದು ಓಟದ ಕಾರೋ, ಮಿಕ್ಸಿಯೋ?” ಎಂದರು.

ಓಡುವ ಕಾರಿನ ಪಟದಲ್ಲಿ ಒಂದು ಧರ್ಮಸಂಕಟವಿದೆ. ಕ್ಯಾಮೆರಾದ ಕಣ್ಣನ್ನು ಸೆಕೆಂಡಿನ ಸಾವಿರದಲ್ಲೊಂದು ಪಾಲು ಮಾತ್ರ ತೆರೆದರೆ ಎಲ್ಲವೂ ಸ್ಪಷ್ಟ. ಆದರೆ ಕಾರು ಮನೆಯ ಮುಂದೆ ನಿಲ್ಲಿಸಿದಂತೆ ಕಾಣುತ್ತದೆ. ಅರವತ್ತರಲ್ಲೊಂದು ಪಾಲು ತೆರೆದು, ಸೊಂಟ ತಿರುಗಿಸುತ್ತ ಕ್ಯಾಮೆರಾವನ್ನು ಕಾರಿನ ಸಂಗಡವೇ ಒಯ್ದರೆ ಕಾರು ಸ್ಪಷ್ಟವಾಗಿ, ಹಿಂದಿನದೆಲ್ಲ ಗೆರೆಗೆರೆಯಾಗಿ, ವೇಗ ಕಣ್ಣಿಗೆ ಕಟ್ಟುತ್ತದೆ. ಆಗ ಕೆರೆಯ ನಡುವೆ 1992ರಿಂದ ನಿಂತಿರುವ ಬುದ್ಧನೂ ಒಂದು ಬಿಳಿಯ ಗೀರಾಗಿ ಹೋಗುತ್ತಾನೆ. ವೇಗ ಬೇಕೆಂದರೆ ಊರಿಲ್ಲ. ಊರು ಬೇಕೆಂದರೆ ವೇಗವಿಲ್ಲ.

ಇಂಥ ಪಟಗಾರರಿಗೆ ಸ್ವರ್ಗವೆಂದರೆ ಫ್ರಾನ್ಸಿನ ಲೆ ಮಾನ್ಸ್. 1923ರಲ್ಲಿ ಆರಂಭವಾದ ಅಲ್ಲಿಯ ಸ್ಪೋರ್ಟ್ಸ್ ಕಾರುಗಳ ಓಟ 24 ಗಂಟೆಯದು. ಒಂದೊಂದು ಕಾರನ್ನು ಮೂವರು ಸರದಿಯಂತೆ ಓಡಿಸುತ್ತಾರೆ. 2012ರಲ್ಲಿ ಚೆನ್ನೈನ ಕರುಣ್ ಚಂದೋಕ್ ಜೊತೆಗಾರರೊಡನೆ ಆರನೆಯವರಾದರು. 2019ರಲ್ಲಿ ನಮ್ಮ ಬೆಂಗಳೂರಿನ ಅರ್ಜುನ್ ಮೈನಿಯೂ ಓಡಿದರು. ಅಲ್ಲಿ ಸಂಜೆಯ ಬಿಸಿಲುಂಟು, ನಡುರಾತ್ರಿಯ ದೀಪಗಳುಂಟು, ಬೆಳಗಿನ ಜಾವ ಮಸಿ ಮೆತ್ತಿದ ಕಾರುಗಳುಂಟು. ಈ ಸುತ್ತಿನಲ್ಲಿ ಸಿಕ್ಕದ್ದು ಮುಂದಿನ ಸುತ್ತಿನಲ್ಲಿ ಸಿಕ್ಕೀತು. ಫೆಬ್ರವರಿಯಲ್ಲಿ ನಮಗೆ ದೊರೆತದ್ದು ಸುಮಾರು ಮುಕ್ಕಾಲು ಗಂಟೆ. ಅಷ್ಟರಲ್ಲೇ ಎರಡು ಬಗೆಯ ಪಟವನ್ನೂ ತೆಗೆದುಕೊಂಡೆವು.

ಮನೆಯಲ್ಲಿ ಎರಡು ಪಕ್ಷಗಳಾದವು. ಮಗನಿಗೆ ಗೆರೆಗೆರೆಯ ಪಟವೇ ಪ್ರಾಣ. “ಅಪ್ಪಾ, ಇನ್ನೊಂದರಾಗ ಕಾರು ನಿಂತೇ ಬಿಟ್ಟದ!” ಎಂದು ಅವನ ವಾದ. ನಮ್ಮಾಕೆಯ ಮತ ಬೇರೆ: “ಕಾರಿನ ಪಟ ಯಾವೂರಾಗೂ ಸಿಗತದ. ಇದು ನಮ್ಮ ರಸ್ತಾ ಅನ್ನೋದು ಯಾವುದರಿಂದ ಗೊತ್ತಾಗಬೇಕ್ರೀ?” ನಾವು ಸರ್ಕಾರಿ ಪದ್ಧತಿಯಂತೆ ತೀರ್ಮಾನವನ್ನು ಮುಂದೂಡಿದೆವು.

ತೀರ್ಮಾನ ತಾನಾಗಿಯೇ ಬಂತು. 2024ರ ಫೆಬ್ರವರಿಗೆ ನಿಗದಿಯಾಗಿದ್ದ ಎರಡನೆಯ ಫಾರ್ಮುಲಾ ಇ ಓಟ ಜನವರಿಯಲ್ಲೇ ರದ್ದಾಯಿತು. ರಸ್ತೆ ಬಂದಾಗಿ ಕಚೇರಿಗೆ ಸುತ್ತುಬಳಸಿ ಹೋಗಿದ್ದವರು ಸಂತೋಷಪಟ್ಟರು, ಅದರಲ್ಲಿ ತಪ್ಪೇನಿಲ್ಲ. ನಾವು ಮಾತ್ರ ನಿಂತ ಕಾರಿನ ಪಟಕ್ಕೆ ಚೌಕಟ್ಟು ಹಾಕಿಸಿದೆವು.

ಊರು ಬಿಟ್ಟು ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮನೆಗಳ ಹಳೆಯ ಮದುವೆಯ ಪಟಗಳಲ್ಲಿ ವಧೂವರರ ಮುಖ ನಮಗೆ ಬಾಯಿಪಾಠ. ನಾವು ಕಣ್ಣು ಕಿರಿದು ಮಾಡಿ ಹುಡುಕುವುದು ಅವರ ಬೆನ್ನ ಹಿಂದಿನ ತುಳಸಿಕಟ್ಟೆಯನ್ನು, ಮಾರಿಹೋದ ಮನೆಯ ಬಾಗಿಲನ್ನು. ಅದನ್ನು ಆ ದಿನ ಯಾರೂ ಬೇಕೆಂದು ತೆಗೆದಿರಲಿಲ್ಲ. ನಾವು ನಮ್ಮ ಬುದ್ಧನನ್ನು ಬೇಕೆಂದೇ ತೆಗೆದಿದ್ದೇವೆ. ನಾಳೆ ಮಗ ಯಾವ ಊರು ಸೇರುವನೋ, ಅಲ್ಲಿಗೆ ಈ ಪಟ ಹೋಗಲಿ.