ಬಾಲವಿಲ್ಲದ ಅತಿಥಿ

ನಮ್ಮ ಮನೆಯಲ್ಲಿ ಹಕ್ಕಿಗಳಿಗೊಂದು ಲೆಜರ್ ಇದೆ. ತಮಾಷೆಗೆ ಹೇಳುತ್ತಿಲ್ಲ, ನಿಜವಾದ ಲೆಜರ್. ಕೆಂಪು ಬಟ್ಟೆಯ ಬೆನ್ನು, ಗಟ್ಟಿ ರಟ್ಟು, ಒಳಗೆ ಎಡಕ್ಕೆ ಖರ್ಚು, ಬಲಕ್ಕೆ ಜಮಾ. 36 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಅಂಥ ಪುಸ್ತಕ ಕಂಡರೆ ಕೈ ಸುಮ್ಮನಿರುವುದಿಲ್ಲ. ಇದು ಸಿಕ್ಕಿದ್ದು ಚಿಕ್ಕಪೇಟೆಯ ಭಾನುವಾರದ ಬಜಾರಿನಲ್ಲಿ, 30 ರೂಪಾಯಿಗೆ. ಯಾವುದೋ ಅಂಗಡಿಯವರು ನಾಲ್ಕು ಹಾಳೆ ಬರೆದು ಕೈಬಿಟ್ಟಿದ್ದರು. ಉಳಿದದ್ದೆಲ್ಲ ಖಾಲಿ.

ಚಳಿಗಾಲದ ಭಾನುವಾರಗಳಲ್ಲಿ ನಾನೂ ನನ್ನ ಮೊಮ್ಮಗಳು ಪುಟ್ಟಿಯೂ ಆ ಬಜಾರಿಗೆ ಹೋಗುವುದು ರೂಢಿ. ಮನೆ ಹನುಮಂತನಗರದಲ್ಲಿ. ನ್ಯಾಷನಲ್ ಕಾಲೇಜಿನ ಬಳಿ ಮೆಟ್ರೊ ಹತ್ತಿದರೆ ಮಾರ್ಕೆಟ್ ದಾಟಿ ಚಿಕ್ಕಪೇಟೆ. ಅಂಗಡಿಗಳ ಬಾಗಿಲು ಮುಚ್ಚಿರುವ ಬೆಳಗಿನ ಹೊತ್ತು ಅವುಗಳ ಮುಂದೆಯೇ ಗೋಣಿಚೀಲ ಹಾಸಿ ಹಳೆಯ ಬೀಗ, ಗಡಿಯಾರ, ಇಕ್ಕಳ, ಹಿತ್ತಾಳೆ ಚೊಂಬು, ಒಂಟಿ ಕಿವಿಯ ಬಾಣಲೆ ಎಲ್ಲವನ್ನೂ ಹರಡಿರುತ್ತಾರೆ. ನಮ್ಮದು ಮೂರು ಕಾಯಿದೆ. ಇಬ್ಬರಿಗೂ ಸೇರಿ ನೂರು ರೂಪಾಯಿ, ಅದಕ್ಕೆ ಮೇಲೆ ಇಲ್ಲ. ತಂದದ್ದಕ್ಕೆ ಮನೆಯಲ್ಲಿ ಕೆಲಸ ಇರಬೇಕು. ಕೆಟ್ಟಿದ್ದರೆ ನಮ್ಮ ಕೈಯಲ್ಲೇ ರಿಪೇರಿ ಆಗುವಂತಿರಬೇಕು. ಐದನೇ ತರಗತಿಯ ಪುಟ್ಟಿ ಈ ಕಾಯಿದೆಗಳನ್ನು ನನಗಿಂತ ಕಟ್ಟುನಿಟ್ಟಾಗಿ ಪಾಲಿಸುತ್ತಾಳೆ. ಒಮ್ಮೆ ನಾನು ಹಳೇ ರೇಡಿಯೊ ಒಂದನ್ನು ಎತ್ತಿ ನೋಡುತ್ತಿದ್ದಾಗ, "ತಾತ, ಮೂರನೇ ಕಾಯಿದೆ!" ಎಂದು ಎಲ್ಲರ ಮುಂದೆ ಗದರಿಬಿಟ್ಟಳು.

ನಮ್ಮಾಕೆ ಬಜಾರಿಗೆ ಬರುವುದಿಲ್ಲ. ಆದರೆ ಅವಳ ಆರ್ಡರು ಒಂದಿರುತ್ತದೆ, ಹಳೆಯ ಸ್ವೆಟರು. ತೊಡುವುದಕ್ಕಲ್ಲ, ಬಿಚ್ಚುವುದಕ್ಕೆ! "ಒಳಗಿನ ಹೊಲಿಗೆ ನೋಡಿ ತನ್ನಿ" ಎಂದು ಪ್ರತಿ ಸಲವೂ ಹೇಳುತ್ತಾಳೆ. ಬಟ್ಟೆಯಂತೆ ಕತ್ತರಿಸಿ ಹೊಲಿದ ಸ್ವೆಟರನ್ನು ಬಿಚ್ಚಿದರೆ ತುಂಡು ತುಂಡು ನೂಲೇ ಬರುವುದು. ಬೆನ್ನು, ಎದೆ, ತೋಳುಗಳನ್ನು ಬೇರೆಬೇರೆಯಾಗಿ ಹೆಣೆದು ಜೋಡಿಸಿದ್ದರೆ ಮಾತ್ರ ಒಂದು ತುದಿ ಹಿಡಿದು ಎಳೆದರೆ ಸರಸರನೆ ಉದ್ದಕ್ಕೆ ಬಿಚ್ಚಿಕೊಳ್ಳುತ್ತದೆ. ಹಾಗೆ ಬಂದ ನೂಲು ಸುರುಳಿ ಸುರುಳಿಯಾಗಿರುತ್ತದೆ. ಅದನ್ನು ಪುಟ್ಟಿಯ ಎರಡೂ ಕೈಗಳಿಗೆ ಸುತ್ತಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಅಂಟುವಾಳದ ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿ, ನೆರಳಲ್ಲಿ ನೇತುಹಾಕಿದರೆ ಸುರುಳಿ ಬಿಟ್ಟು ನೆಟ್ಟಗಾಗುತ್ತದೆ. ಅಪರಿಚಿತರ ಸ್ವೆಟರು ಹದಿನೈದು ದಿನದಲ್ಲಿ ನಮ್ಮ ಮನೆಯ ಕುಲಾವಿಯೋ ಮಫ್ಲರೋ ಆಗಿರುತ್ತದೆ.

ಇನ್ನು ನಮ್ಮ ಹಿತ್ತಲು. ಹನ್ನೆರಡು ಅಡಿಗೆ ಹದಿನೈದು ಅಡಿ. ಒಂದು ಕರಿಬೇವು, ಒಂದು ದಾಳಿಂಬೆ, ಗೋಡೆಯ ಮಗ್ಗುಲಲ್ಲಿ ದಾಸವಾಳ, ನಲ್ಲಿ, ಒಗೆಯುವ ಕಲ್ಲು. ಇಷ್ಟರಲ್ಲೇ ಪಿಕಳಾರ, ಸೂರಕ್ಕಿ, ಟುವ್ವಿಹಕ್ಕಿ, ಮಡಿವಾಳ, ಗೊರವಂಕ ಬಂದು ಹೋಗುತ್ತವೆ. ಅವರೆಕಾಯಿ ಕಾಲದಲ್ಲಂತೂ ಗೊರವಂಕಗಳಿಗೆ ಹಬ್ಬ. ಕಾಯಿ ಸುಲಿಯುವಾಗ ಸಿಗುವ ಹಸಿರು ಹುಳುಗಳನ್ನೆಲ್ಲ ನಮ್ಮಾಕೆ ಒಂದು ಎಲೆಯ ಮೇಲೆ ಹಾಕಿಡುತ್ತಾಳೆ. ಹಿತಕಿದ ಬೇಳೆ ನಮಗೆ, ಹುಳು ಅವಕ್ಕೆ. ಎರಡು ಕಡೆಯವರಿಗೂ ತೃಪ್ತಿ.

ಈ ಸಂಸಾರಕ್ಕೆ ಮೂರು ವರ್ಷದ ಹಿಂದೆ ಬಂದು ಸೇರಿದವಳು ಚೌತಿ. ಗಣೇಶನ ಹಬ್ಬದ ದಿನ ಮಳೆಯಲ್ಲಿ ನೆನೆದು ಬಾಗಿಲಲ್ಲಿ ಕೂತಿದ್ದ ಬೆಕ್ಕಿನ ಮರಿ. ಗಣಪತಿಯ ಹಬ್ಬದ ದಿನ ಇಲಿಯ ಶತ್ರು ಬಂದಿತಲ್ಲ ಎಂದು ನಾನು ನಕ್ಕೆ. ಪುಟ್ಟಿ ಅಷ್ಟರಲ್ಲಿ ಹೆಸರಿಟ್ಟೇಬಿಟ್ಟಿದ್ದಳು.

ಅದರ ಮರುವರ್ಷ ಅಕ್ಟೋಬರಿನ ಒಂದು ಬೆಳಗ್ಗೆ, ಒಗೆಯುವ ಕಲ್ಲಿನ ಬಳಿಯ ಒದ್ದೆ ನೆಲದಲ್ಲಿ ಹೊಸ ಹಕ್ಕಿಯೊಂದು ಓಡಾಡುತ್ತಿತ್ತು. ಬೆನ್ನು ಬೂದಿ ಬಣ್ಣ, ಹೊಟ್ಟೆ ಹಳದಿ, ಮೈಗಿಂತ ದೊಡ್ಡದೆನಿಸುವ ಬಾಲ. ಆ ಬಾಲ ಒಂದು ಗಳಿಗೆಯೂ ಸುಮ್ಮನಿರಲಿಲ್ಲ. ಮೇಲೆ ಕೆಳಗೆ, ಮೇಲೆ ಕೆಳಗೆ. "ತಾತ, ಅದು ಯಾವಾಗಲೂ ಹೌದು ಹೌದು ಅಂತಿದೆ" ಎಂದಳು ಪುಟ್ಟಿ. ಬಜಾರಿನ ಹಳೆ ಪುಸ್ತಕದ ರಾಶಿಯಲ್ಲಿ ಅವಳೇ ಹುಡುಕಿ ತೆಗೆದಿದ್ದ ಪೂರ್ಣಚಂದ್ರ ತೇಜಸ್ವಿಯವರ 'ಹಕ್ಕಿಪುಕ್ಕ' ಮನೆಯಲ್ಲಿತ್ತು. ಅದನ್ನೂ ಇನ್ನೆರಡು ಪುಸ್ತಕಗಳನ್ನೂ ತಿರುವಿಹಾಕಿ ನಮ್ಮ ಅತಿಥಿ ಬೂದು ಸಿಪಿಲೆ ಎಂದು ತೀರ್ಮಾನಿಸಿದೆವು. ಕುಂಡೆಕುಸ್ಕ ಎಂದೂ ಕರೆಯುತ್ತಾರೆ. ಆ ಹೆಸರು ಕೇಳಿ ಪುಟ್ಟಿ ನಕ್ಕು ಸುಸ್ತಾದಳು.

ನಗು ನಿಂತ ಮೇಲೆ ಆಶ್ಚರ್ಯ ಶುರುವಾಯಿತು. ಬೇಸಿಗೆಯಲ್ಲಿ ಈ ಹಕ್ಕಿ ಹಿಮಾಲಯದಂಥ ತಂಪು ಸೀಮೆಗಳ ತೊರೆಗಳ ಬದಿಯಲ್ಲಿ ಗೂಡು ಕಟ್ಟುತ್ತದೆ. ಅಲ್ಲಿ ಚಳಿ ಹೆಚ್ಚಿ ಹುಳು ಹುಪ್ಪಟೆ ಕಡಿಮೆಯಾಗುವ ಹೊತ್ತಿಗೆ ದಕ್ಷಿಣಕ್ಕೆ ಹೊರಡುತ್ತದೆ. ಬೆಂಗಳೂರಿನ ಚಳಿ ಅದಕ್ಕೆ ಚಳಿಯೇ ಅಲ್ಲ. ಈ ಊರಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಹಕ್ಕಿಯ ತೂಕ ಸುಮಾರು 18 ಗ್ರಾಂ. ಹತ್ತು ರೂಪಾಯಿಯ ಎರಡು ನಾಣ್ಯಗಳನ್ನು ಪುಟ್ಟಿಯ ಅಂಗೈಯಲ್ಲಿಟ್ಟು, "ಇದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೆ" ಎಂದೆ. ಅವಳು ಕೈಯನ್ನು ಮೇಲೆ ಕೆಳಗೆ ಆಡಿಸಿ ತೂಗಿ ನೋಡಿದಳು. "ಇಷ್ಟೇ ಇಷ್ಟು, ಹಿಮಾಲಯದಿಂದ?" ಎಂದಳು. ಅಂದೇ ಲೆಜರಿನ ಮೊದಲ ಖಾಲಿ ಹಾಳೆಯ ಬಲಗಡೆ ಬರೆದಳು, "ಸಿಪಿಲೆ 1."

ಇಲ್ಲಿಂದ ಮುಂದಿನದು ನನ್ನ ತಪ್ಪಿನ ಕಥೆ.

ಹಕ್ಕಿ ದಿನಾ ಬರತೊಡಗಿದಾಗ ನನಗೆ ಉಪಚಾರದ ಉತ್ಸಾಹ ಬಂತು. ಸಿಪಿಲೆ ಕಾಳು ಮುಟ್ಟುವುದಿಲ್ಲ, ಹುಳುವೇ ಆಗಬೇಕು. ನೀರಾದರೂ ಇಡೋಣವೆಂದು ಹೂಕುಂಡದ ಅಡಿಯ ಮಣ್ಣಿನ ತಟ್ಟೆಗೆ ನೀರು ತುಂಬಿ, ತಣ್ಣಗಿರಲಿ ಎಂದು ದಾಸವಾಳದ ಬುಡದಲ್ಲಿಟ್ಟೆ. ನೆರಳು ಬೇಕಾದ್ದು ಹಕ್ಕಿಗಲ್ಲ, ಬೆಕ್ಕಿಗೆ ಎಂಬುದು ನನಗೆ ಹೊಳೆಯಲಿಲ್ಲ.

ಬಸವನಗುಡಿಯ ಕಡಲೆಕಾಯಿ ಪರಿಷೆ ಮುಗಿದ ವಾರ. ಪುಟ್ಟಿ ಹಿತ್ತಲ ಮೆಟ್ಟಿಲ ಮೇಲೆ ಕೂತು ಅಳಿಲಿಗೆಂದು ಕಡಲೆಕಾಯಿ ಬಿಡಿಸುತ್ತಿದ್ದಳು. ಸಿಪಿಲೆ ತಟ್ಟೆಯ ಅಂಚಿಗೆ ಬಂದು ನಿಂತಿತು. ದಾಸವಾಳದ ಗಿಡ ಅಲ್ಲಾಡಿದ್ದಷ್ಟೇ ಕಂಡದ್ದು. ಪುಟ್ಟಿ ಕಿರುಚಿದಳು. ಹಕ್ಕಿ ಹೇಗೋ ಬಿಡಿಸಿಕೊಂಡು ಗೋಡೆಯಾಚೆ ಹಾರಿಹೋಯಿತು. ಚೌತಿಯ ಪಂಜದ ಕೆಳಗೆ ಕಪ್ಪು ಗರಿಗಳು, ಅಂಚಿನವು ಬಿಳಿ. ಇಡೀ ಬಾಲವೇ ಅಲ್ಲಿತ್ತು.

ಪುಟ್ಟಿ ಅತ್ತಳು. ಆಮೇಲೆ ಚೌತಿಯೊಡನೆ ಮಾತು ಬಿಟ್ಟಳು. ಎರಡು ದಿನ ಕಳೆದ ಮೇಲೆ ನನ್ನ ಮುಂದೆ ಬಂದು ನಿಂತು ಕೇಳಿದಳು, "ತಾತ, ಚೌತಿದು ತಪ್ಪಾ?"

"ಇಲ್ಲಮ್ಮ. ಬೆಕ್ಕು ಬೆಕ್ಕಿನ ಕೆಲಸ ಮಾಡಿತು. ತಟ್ಟೆ ಅಲ್ಲಿಟ್ಟವನು ನಾನು."

ಅವಳು ಏನೂ ಹೇಳಲಿಲ್ಲ. ಲೆಜರ್ ತಂದು ಎಡಗಡೆ, ಖರ್ಚಿನ ಕಡೆ, ಬರೆದಳು, "ಬಾಲ 1." ನಾನು ಸಹಿ ಹಾಕಬೇಕೆಂದಳು. ಹಾಕಿದೆ. ನೌಕರಿಯಲ್ಲಿ ಸಾವಿರಾರು ವೋಚರುಗಳಿಗೆ ಸಹಿ ಹಾಕಿದ್ದೇನೆ. ಹೀಗೆ ಕೈ ಭಾರವಾದದ್ದು ನೆನಪಿಲ್ಲ.

ಪುಸ್ತಕ ಓದಿ, ತಿಳಿದವರನ್ನು ಕೇಳಿದ ಮೇಲೆ ಒಂದು ಸಮಾಧಾನ ಸಿಕ್ಕಿತು. ಶತ್ರು ಬಾಲ ಹಿಡಿದರೆ ಎಷ್ಟೋ ಹಕ್ಕಿಗಳ ಬಾಲದ ಗರಿಗಳು ಸಲೀಸಾಗಿ ಕಳಚಿಕೊಳ್ಳುತ್ತವೆ. ಗರಿ ಹೋಗುತ್ತದೆ, ಪ್ರಾಣ ಉಳಿಯುತ್ತದೆ. ಬುಡಸಹಿತ ಕಿತ್ತುಬಂದ ಗರಿಯ ಜಾಗದಲ್ಲಿ ಕೆಲವು ವಾರಗಳಲ್ಲಿ ಹೊಸ ಗರಿ ಹುಟ್ಟುತ್ತದೆ. ಆದರೆ ಹಕ್ಕಿಗೆ ಬೇರೆಲ್ಲೂ ಗಾಯವಾಗಿರಬಾರದು. ಬೆಕ್ಕಿನ ಹಲ್ಲು ಉಗುರು ನಾಟಿದ್ದರೆ ಸಣ್ಣ ಗಾಯವೂ ನಂಜಾಗಿ ಸಾಯುವುದುಂಟು. ನಮ್ಮ ಹಕ್ಕಿಗೆ ಏನಾಗಿತ್ತೋ!

ಸುಮ್ಮನೆ ಕಾಯುವುದಕ್ಕಿಂತ ಕೆಲಸ ಮಾಡುವುದು ಲೇಸು. ಮುಂದಿನ ಭಾನುವಾರ ಬಜಾರಿಗೆ ಹೋದೆವು. ಹರಿದ ಕಾಲ್ಗೆಜ್ಜೆಯೊಂದು ಸಿಕ್ಕಿತು, 20 ರೂಪಾಯಿ. ಮಾರುವವನು ಪುಟ್ಟಿಯನ್ನು ನೋಡಿ, "ಪಾಪು ಭರತನಾಟ್ಯ ಕಲೀತಿದೆಯಾ ಸಾರ್?" ಎಂದ.

"ಇಲ್ಲಪ್ಪ, ಬೆಕ್ಕಿಗೆ."

ಅವನು ನನ್ನನ್ನೂ ಪುಟ್ಟಿಯನ್ನೂ ಒಮ್ಮೆ ನೋಡಿ, ಇನ್ನೂ ಎರಡು ಗೆಜ್ಜೆ ಪುಕ್ಕಟೆ ಕೊಟ್ಟ. ಇನ್ನೊಂದು ಕಡೆ ಕಾಲು ಅಲ್ಲಾಡುವ ಕಬ್ಬಿಣದ ಎತ್ತರದ ಸ್ಟೂಲು, 70 ರೂಪಾಯಿಗೆ. ನೂರರ ಮಿತಿಯಲ್ಲಿ ಅಂದು 10 ರೂಪಾಯಿ ಉಳಿಯಿತು.

ನಮ್ಮಾಕೆ ಬಿಚ್ಚಿದ ಸ್ವೆಟರಿನ ಕಿತ್ತಳೆ ಬಣ್ಣದ ನೂಲಿನಲ್ಲಿ ಚೌತಿಗೆ ಕೊರಳಪಟ್ಟಿ ಹೆಣೆದಳು. ಹಕ್ಕಿಗಳಿಗೆ ಬಣ್ಣ ಚೆನ್ನಾಗಿ ಕಾಣುತ್ತದೆ. ಗೆಜ್ಜೆ ಕೇಳದಿದ್ದರೂ ಕಿತ್ತಳೆ ಕಂಡೀತು. ನಡುವೆ ನನ್ನ ಹಳೇ ಕಾಲುಚೀಲದ ಎಲಾಸ್ಟಿಕ್ ಸೇರಿಸಿದಳು. ಕೊರಳಪಟ್ಟಿ ಕೊಂಬೆಗೆ ಸಿಕ್ಕಿಕೊಂಡರೆ ಬೆಕ್ಕು ತಲೆ ಬಿಡಿಸಿಕೊಳ್ಳುವಂತಿರಬೇಕು, ಇಲ್ಲದಿದ್ದರೆ ಅದಕ್ಕೇ ಉರುಳಾದೀತು. ಉಳಿದ ನೂಲಿನ ಚೂರುಗಳನ್ನು ಪುಟ್ಟಿ ಗೂಡಿಗಾಗಲಿ ಎಂದು ಕರಿಬೇವಿನ ಗಿಡಕ್ಕೆ ಸುತ್ತಹೊರಟಳು. ನಾನು ತಡೆದೆ. ಉದ್ದ ನೂಲು ಹಕ್ಕಿಯ ಕಾಲಿಗೆ ಸುತ್ತಿಕೊಂಡರೆ ಅದಕ್ಕೆ ಬಿಡಿಸಿಕೊಳ್ಳಲು ಬಾರದು. ಅದರ ಬದಲು ತೆಂಗಿನ ನಾರು ಇಟ್ಟೆವು.

ಸ್ಟೂಲಿನ ಕಾಲಿಗೆ ಬೋಲ್ಟು ಬಿಗಿದು, ಅಂಗಳದ ನಡುಮಧ್ಯೆ ಬಿಸಿಲಿಗೆ ನಿಲ್ಲಿಸಿ, ಮೇಲೆ ತಟ್ಟೆ ಇಟ್ಟೆವು. ಸುತ್ತ ಯಾವ ಗಿಡವೂ ಇಲ್ಲ, ಅಡಗಲು ಜಾಗವಿಲ್ಲ. ನೀರು ಎರಡು ಬೆರಳು ಆಳ ಮಾತ್ರ. ದಿನಾ ತಟ್ಟೆ ತಿಕ್ಕಿ ತೊಳೆದು ಹೊಸ ನೀರು ಹಾಕುವುದು ಪುಟ್ಟಿಯ ಪಾಲು. ಗೆಜ್ಜೆಯೊಂದನ್ನೇ ನಂಬುವಂತಿಲ್ಲ, ಜಾಣ ಬೆಕ್ಕು ಗೆಜ್ಜೆ ಅಲುಗದಂತೆ ನಡೆಯುವುದನ್ನೂ ಕಲಿಯುತ್ತದಂತೆ. ಆದ್ದರಿಂದ ಹಕ್ಕಿಗಳು ಹೆಚ್ಚು ಬರುವ ಬೆಳಗ್ಗೆ ಮತ್ತು ಸಂಜೆ ಚೌತಿ ಮನೆಯೊಳಗೆ. ಅವಳಿಗೆ ಬೇಜಾರಾಗದಿರಲೆಂದು ನಮ್ಮಾಕೆ ಉಲ್ಲನ್ ಉಂಡೆಯೊಂದನ್ನು ತ್ಯಾಗ ಮಾಡಿದಳು.

ಎಲ್ಲ ಸಿದ್ಧವಾಯಿತು. ಅತಿಥಿಯೇ ಇಲ್ಲ. ಪಿಕಳಾರ ಬಂದು ಸ್ನಾನ ಮಾಡಿ ಹೋಯಿತು, ಮಡಿವಾಳ ಬಂತು. ಒಗೆಯುವ ಕಲ್ಲಿನ ಬಳಿ ಮಾತ್ರ ಖಾಲಿ. ಧನುರ್ಮಾಸ ಹಿಡಿಯಿತು. ದೇವಸ್ಥಾನದಿಂದ ಹುಗ್ಗಿ ತಂದು ಮೆಟ್ಟಿಲ ಮೇಲೆ ಕೂತು ತಿನ್ನುತ್ತಿದ್ದ ಒಂದು ಬೆಳಗ್ಗೆ ಗೋಡೆಯಾಚೆಯಿಂದ ಪರಿಚಿತ ಸದ್ದು, ಚಿಟ್‌ಚಿಟ್. ಪುಟ್ಟಿಯ ಕೈ ಬಾಯಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು.

ಅದೇ ಹಕ್ಕಿ. ಸಂಶಯವೇ ಇಲ್ಲ. ಬಾಲದ ಜಾಗದಲ್ಲಿ ಒಂದೇ ಒಂದು ಅಂಗುಲದ ಮೋಟು. ಆ ಮೋಟನ್ನೇ ಎಷ್ಟು ಗತ್ತಿನಿಂದ ಆಡಿಸುತ್ತಿತ್ತು ಎಂದರೆ, ಹಿಂದೆ ಪೂರ್ತಿ ಬಾಲ ಇದ್ದಾಗಲೂ ಹಾಗೆ ಆಡಿಸಿರಲಿಲ್ಲ. ಮೇಲೆ ಕೆಳಗೆ, ಮೇಲೆ ಕೆಳಗೆ. ಪುಟ್ಟಿ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು ಪಿಸುಗುಟ್ಟಿದಳು, "ತಾತ, ಇನ್ನೂ ಹೌದು ಅಂತಾನೇ ಅಂತಿದೆ." ನಾನು ಮಾತಾಡಲಿಲ್ಲ. ಹುಗ್ಗಿಯಲ್ಲಿದ್ದ ಮೆಣಸು ಕಣ್ಣಿಗೆ ಹತ್ತಿರಬೇಕು.

ಲೆಜರಿನಲ್ಲಿ ಅಂದಿನ ಜಮಾ, "ಹಕ್ಕಿ 1, ಬಾಲ ಬಾಕಿ." ಸಂಜೆ ಪುಟ್ಟಿ ಚೌತಿಯನ್ನು ಮಡಿಲಲ್ಲಿ ಕೂರಿಸಿಕೊಂಡು ಬಹಳ ಹೊತ್ತು ಏನೋ ಹೇಳಿದಳು. ಅವರಿಬ್ಬರ ನಡುವಿನ ಮಾತು, ನಾನು ಕೇಳಲಿಲ್ಲ. ಮುಂದಿನ ತಿಂಗಳು, ಅವರೆಕಾಯಿಯ ಸೊಗಡು ಮನೆಯೆಲ್ಲ ತುಂಬಿದ್ದಾಗ, ಹಕ್ಕಿಯ ಬಾಲ ಮೊದಲಿನಷ್ಟೇ ಆಗಿತ್ತು. "ಬಾಲ ಪೂರ್ತಿ ಜಮಾ" ಎಂದು ಬರೆದು ಅವಳೂ ಸಹಿ ಹಾಕಿದಳು. ಯುಗಾದಿಯ ಹೊತ್ತಿಗೆ ಹಕ್ಕಿ ಹೊರಟುಹೋಯಿತು.

ಮಕ್ಕಳೇ, ಮರುವರ್ಷ ಅಕ್ಟೋಬರಿನಲ್ಲಿ ಒಗೆಯುವ ಕಲ್ಲಿನ ಬಳಿ ಮತ್ತೆ ಸಿಪಿಲೆಯೊಂದು ಬಂತು. ಕಾಲಿಗೆ ಪುಟ್ಟ ಉಂಗುರ ತೊಡಿಸಿ ನೋಡಿದವರು ಹೇಳುತ್ತಾರೆ, ಎಷ್ಟೋ ವಲಸೆ ಹಕ್ಕಿಗಳು ಪ್ರತಿ ಚಳಿಗಾಲಕ್ಕೂ ಅದೇ ಜಾಗಕ್ಕೆ ಮರಳುತ್ತವಂತೆ. ಆದರೆ ನಮ್ಮದಕ್ಕೆ ಉಂಗುರವಿಲ್ಲ, ಈಗ ಮೋಟು ಬಾಲವೂ ಇಲ್ಲ. ಪೂರ್ತಿ ಬಾಲದ ಸಿಪಿಲೆ ಎಲ್ಲ ಸಿಪಿಲೆಗಳ ಹಾಗೇ ಇರುತ್ತದೆ.

"ಅದೇನಾ ತಾತ?" ಎಂದಳು ಪುಟ್ಟಿ, ಪೆನ್ನು ಹಿಡಿದು.

ಹೌದು ಎನ್ನಲು ಬಾಯಿ ತುದಿಯವರೆಗೆ ಬಂದಿತ್ತು. ಆದರೆ ಲೆಕ್ಕದ ಪುಸ್ತಕದಲ್ಲಿ ಆಸೆಯನ್ನು ಬರೆಯುವಂತಿಲ್ಲ. ಅವಳಿಗೆ ಬ್ಯಾಂಕಿನ ಒಂದು ಪದ್ಧತಿ ಹೇಳಿಕೊಟ್ಟೆ. ಹಣ ಬಂದಿದೆ, ಆದರೆ ಯಾರದ್ದು ಎಂದು ಗೊತ್ತಿಲ್ಲ. ಅದನ್ನು ವಾಪಸು ಕಳಿಸುವುದಿಲ್ಲ, ಕಂಡಕಂಡವರ ಹೆಸರಿಗೆ ಹಾಕುವುದೂ ಇಲ್ಲ. ಗೊತ್ತಾಗುವ ತನಕ ಜೋಪಾನವಾಗಿ ಸಸ್ಪೆನ್ಸ್ ಖಾತೆಯಲ್ಲಿಡುತ್ತೇವೆ.

ಪುಟ್ಟಿ ಸ್ವಲ್ಪ ಯೋಚಿಸಿ, ಹೊಸ ಹಾಳೆ ತಿರುವಿ, ದುಂಡಗೆ ಬರೆದಳು, "ಸಸ್ಪೆನ್ಸ್ ಖಾತೆ. ಸಿಪಿಲೆ 1." ನಾನು ಸಹಿ ಹಾಕಿದೆ. ಹಿತ್ತಲಲ್ಲಿ ಹಕ್ಕಿ ಬಾಲ ಆಡಿಸುತ್ತಿತ್ತು. ಕಿಟಕಿಯೊಳಗಿಂದ ಗೆಜ್ಜೆಯ ಸದ್ದು ಕೇಳಿಸಿತು.